ನಮ್ಮ ಮನೆಯವರು ಮರಳಿದ ಮೇಲೆ

ನಮ್ಮ ಮನೆಯವರು ಮರಳಿದ್ದು ಒಂದು ಮಂಗಳವಾರ ಬೆಳಿಗ್ಗೆ. ಹಾಸಿಗೆಯಿಂದ ಎದ್ದು, ಎಂದಿನಂತೆ ಬಚ್ಚಲ ಕಡೆಗೆ ಮುಖ ಮಾಡಿ ಹೊರಟವರು ಹಿಂದೆ ಹಿಂದೆ ನಡೆದು ಅಡುಗೆಮನೆ ಸೇರಿ, ಹಿಟ್ಟಿನ ಡಬ್ಬಿಗೆ ಬೆನ್ನು ತಾಗಿಸಿ ನಿಂತರು. ಡಬ್ಬಿ ಮಗುಚಿತು. ಅದರ ಮುಚ್ಚಳ ಉರುಳುತ್ತ ಬಂದು ನನ್ನ ಮಂಚದ ಕೆಳಗೆ ಹೋಯಿತು. 

"ಬಸವ್ವಾ," ಎಂದರು ಒಳಗಿನಿಂದ. "ನಿದ್ದಿಗಣ್ಣಾಗ ದಾರಿ ತಪ್ಪಿತು ನೋಡು."

"ಇನ್ನೊಮ್ಮೆ ನಡದು ನೋಡ್ರಿ," ಎಂದೆ ನಾನು.

ನಡೆದರು. ಈ ಸಲ ಅಡುಗೆಮನೆಯಿಂದ ಹಿಂದಕ್ಕೆ ಸರಿಯುತ್ತ ಸೀದಾ ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತರು.

ನಮ್ಮ ಊರಲ್ಲಿ ಅರವತ್ತು ತುಂಬಿದ ದಿನ ಎಲ್ಲರ ಕಾಲೂ ಹೀಗೇ ಮರಳುತ್ತವೆ. ನಿಲ್ಲಬಹುದು, ಕೂರಬಹುದು, ನಿಂತಲ್ಲೇ ತಿರುಗಬಹುದು. ಹೆಜ್ಜೆ ಮಾತ್ರ ಹಿಂದಕ್ಕೇ ಬೀಳುತ್ತದೆ. ಊರೂ ಅದಕ್ಕೆ ತಕ್ಕ ಹಾಗೆ ಇದೆ. ಬಸ್ಸಿನ ಹಿಂಬಾಗಿಲು ಮರಳಿದವರಿಗೆ ಮೀಸಲು. ಹಿಮ್ಮಡಿಗೆ ಎರಡು ಪದರ ತೊಗಲು ಹಾಕಿದ ಚಪ್ಪಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮದುವೆ ಮನೆಗೆ ಹಿರಿಯರು ಬೆನ್ನು ತೋರಿಸುತ್ತ ಬಂದು, ಮುಖ ತೋರಿಸುತ್ತ ಹೋಗುತ್ತಾರೆ. ಅದರಿಂದಾಗಿ ನಮ್ಮಲ್ಲಿ ಬೀಳ್ಕೊಡುವುದು ಬಹಳ ಹೊತ್ತು ನಡೆಯುತ್ತದೆ. ಹೆಚ್ಚಿನವರು ಕೋಲಿಗೊಂದು ಕನ್ನಡಿ ಕಟ್ಟಿ, ಅದರಲ್ಲಿ ದಾರಿ ನೋಡುತ್ತ ಓಡಾಡುತ್ತಾರೆ. ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ಬೇರೆ ಊರಿನವರು ಬುದ್ಧಿಗೆ ಹೇಳುತ್ತಾರಂತೆ. ನಮ್ಮಲ್ಲಿ ಅದು ಕಾಲಿಗೆ ಸಂಬಂಧಪಟ್ಟದ್ದು.

ಆದರೆ ನಮ್ಮ ಮನೆಯವರಿಗೆ, ಅಂದರೆ ಫಕ್ಕೀರಪ್ಪನವರಿಗೆ, ಇನ್ನೂ ಎರಡು ವರ್ಷ ಇದೆ ಎಂದೇ ನಾವು ತಿಳಿದಿದ್ದೆವು. ಮಿಡತೆ ಬಂದ ವರ್ಷ ಹುಟ್ಟಿದವನು ಎಂದು ಅವರ ಅವ್ವ ಹೇಳಿದ್ದಳಂತೆ. ಮಿಡತೆ ಎರಡು ಸಲ ಬಂದಿತ್ತು. ಶಾಲೆಯ ಮಾಸ್ತರರು ಎರಡನೆಯ ಮಿಡತೆಯನ್ನು ಹಿಡಿದು ತಾರೀಖು ಬರೆದುಕೊಂಡಿದ್ದರು. ಕಾಲುಗಳಿಗೆ ಮೊದಲನೆಯ ಮಿಡತೆ ನೆನಪಿತ್ತು.

ನನ್ನ ಕಾಲಿನ ವಿಷಯ ಬೇರೆ. ನಾನು ಅಂಗಡಿಗಳ ಬೋರ್ಡು ಬರೆಯುವವಳು. ಮೂವತ್ತರ ವಯಸ್ಸಿನಲ್ಲಿ ಒಂದು ಮಿಠಾಯಿ ಅಂಗಡಿಯ ಬೋರ್ಡು ಬರೆಯುತ್ತಿದ್ದಾಗ, ಠಾ ಅಕ್ಷರದ ಹೊಟ್ಟೆಯಲ್ಲಿ ಚುಕ್ಕಿ ಇಡುವ ಹೊತ್ತಿಗೆ ಸರಿಯಾಗಿ ಏಣಿ ಜಾರಿತು. ಅಂದಿನಿಂದ ಸೊಂಟದ ಕೆಳಗೆ ಯಾವುದೂ ನನ್ನ ಮಾತು ಕೇಳಿಲ್ಲ. ಆ ಅಂಗಡಿ ಇಂದಿಗೂ ಮಿರಾಯಿ ಅಂಗಡಿಯಾಗಿಯೇ ಉಳಿದಿದೆ. ಈಗ ಮನೆಯಲ್ಲೇ ಕೂತು ಬೈಕು, ಆಟೋಗಳ ನಂಬರ್ ಪ್ಲೇಟು ಬರೆಯುತ್ತೇನೆ.

ಬಿದ್ದ ವರ್ಷವೇ ಆಸರೆ ಕಚೇರಿಯವರು ನನಗೆ ಅಂಗವಿಕಲ ವೇತನ ಕೊಟ್ಟರು, ಗಾಲಿಯ ಕುರ್ಚಿಯೊಂದನ್ನು ಕೊಟ್ಟರು, ಕುರ್ಚಿ ತಳ್ಳುವವರಿಗೆಂದು ತಳ್ಳುಭತ್ಯೆ ಕೊಟ್ಟರು. ನಮ್ಮ ಮನೆಯವರು ಹತ್ತಿ ಗಿರಣಿಯ ಕೆಲಸ ಬಿಟ್ಟು ತಳ್ಳುವವರಾದರು. ಅದನ್ನವರು ಹಗುರವಾಗಿ ತೆಗೆದುಕೊಂಡವರಲ್ಲ. ನನ್ನನ್ನು ಹೊರಗೆ ಕರೆದೊಯ್ಯುವಾಗಲೆಲ್ಲ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕುತ್ತಿದ್ದರು. ಯಾವ ಓಣಿ, ಎಷ್ಟು ಹೊತ್ತು, ಎಲ್ಲಿ ನಿಲ್ಲಬೇಕು, ಎಲ್ಲ ಅವರದೇ. ನಾನು ಮುಂದೆ ಕೂತು ಏನಾದರೂ ಹೇಳಿದರೆ ಗಾಳಿಗೆ ಹೋಗುತ್ತಿತ್ತು. ಹಿಂದಿನಿಂದ "ಹಾಂ" ಎಂಬ ಸದ್ದು ಬರುತ್ತಿತ್ತು, ಕುರ್ಚಿ ಮಾತ್ರ ಅವರಿಗೆ ಬೇಕಾದ ಕಡೆಗೇ ಹೋಗುತ್ತಿತ್ತು. ಹೀಗೆ ಇಪ್ಪತ್ತಮೂರು ವರ್ಷ.

ಡಬ್ಬಿಯ ಸದ್ದು ಕೇಳಿ ಪಕ್ಕದ ಮನೆಯ ಮಾಬೂಬಿ ಬಂದರು. ಅವರು ಮರಳಿ ಹತ್ತು ವರ್ಷವಾಗಿದೆ. ಅವರಷ್ಟು ಚುರುಕಾಗಿ ಹಿಂದಕ್ಕೆ ನಡೆಯುವವರು ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ; ಬಾಗಿಲಲ್ಲಿ ಮೊದಲು ಅವರ ಜಡೆ ಕಾಣುತ್ತದೆ, ಆಮೇಲೆ ಗರ್ರನೆ ತಿರುಗಿದ ಮುಖ. ನಮ್ಮ ಮನೆಯವರ ಬೆನ್ನಿಗೆ ಮೆತ್ತಿದ ಹಿಟ್ಟು ನೋಡಿದರು, ಎಲ್ಲ ಅರ್ಥವಾಯಿತು.

"ಮುಬಾರಕ್ ಫಕ್ಕೀರಪ್ಪಾ. ಅರ್ಜಿ ಹಾಕೀರೇನು?"

"ಯಾವ ಅರ್ಜಿ?"

"ಅಯ್ಯ! ಮರಳೂಕಿಂತ ಆರು ತಿಂಗಳ ಮೊದಲ ಹಾಕಬೇಕಪಾ. ನಿನಗ ಮರಳುವೇತನ ಬರ್ತೈತಿ, ಅದು ಖರೆ. ಆದರ ತಳ್ಳುಭತ್ಯೆ ಇವತ್ತಿಂದ ಬಂದ್. ಮರಳಿದವರು ತಳ್ಳವರಲ್ಲ ಅಂತಾರ." ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದರು. "ಕುರ್ಚಿ ಯಾರದು ಬಸವ್ವಾ?"

"ಕಚೇರಿದು."

"ಮುಂದಕ್ಕ ನಡೆಯೋರು ಇಲ್ಲದ ಮನಿಯಾಗ ಅವರು ಕುರ್ಚಿ ಬಿಡೂದಿಲ್ಲ. ತಿಂಗಳೊಳಗ ಒಯ್ತಾರ. ನಿನ್ನ ಹೆಸರು ಕುರ್ಚಿ ಪಟ್ಟಿಯಿಂದ ತಗದು ಹಾಸಿಗಿ ಪಟ್ಟಿಗೆ ಹಾಕ್ತಾರ."

"ಹಾಸಿಗಿ ಪಟ್ಟಿ ಅಂದ್ರ?"

"ಊಟ ಮನಿಗೇ ಬರ್ತೈತಿ. ಗಾದಿ ಕೊಡ್ತಾರ. ಗಾದಿ ಭಾಳ ಚಲೋ ಇರ್ತೈತಂತ."

ನಾನು ತಲೆಯೆತ್ತಿ ನಮ್ಮ ಮಾಡಿನ ಬಿದಿರು ನೋಡಿದೆ. ಹನ್ನೊಂದು ಗಳು, ಒಂದು ಹಲ್ಲಿ. ಬಿದ್ದ ಮೊದಲ ಏಳು ತಿಂಗಳು, ಕುರ್ಚಿ ಬರುವ ತನಕ, ಅದನ್ನೇ ಓದಿದ್ದೆ. ಇನ್ನೊಮ್ಮೆ ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಯಾರಿಗೂ ಹೇಳೂದು ಬ್ಯಾಡ," ಎಂದರು ನಮ್ಮ ಮನೆಯವರು. "ಕಾಗದದಾಗ ನನಗ ಇನ್ನೂ ಐವತ್ತೆಂಟು."

"ಕಾಗದ ನಡಿಯೂದಿಲ್ಲ ಫಕ್ಕೀರಪ್ಪಾ, ಕಾಲು ನಡೀತಾವ," ಎಂದರು ಮಾಬೂಬಿ.

ಆ ದಿನವೆಲ್ಲ ಅಂಗಳದಲ್ಲಿ ಅವರಿಗೆ ಪಾಠ ನಡೆಯಿತು. ಹಿಡಿಕೆ ಹಿಡಿದು ಕುರ್ಚಿಯ ಹಿಂದೆ ನಿಂತು ನಡೆದರೆ, ಕುರ್ಚಿಯೂ ಹಿಂದಕ್ಕೆ, ನಾನೂ ಹಿಂದಕ್ಕೆ, ಎಲ್ಲರೂ ಗೋಡೆಗೆ. ಕೊನೆಗೆ ಮಾಬೂಬಿಯೇ ದಾರಿ ಹುಡುಕಿದರು. ನಮ್ಮ ಮನೆಯವರು ನನ್ನ ಮುಂದೆ ಬಂದು, ನನಗೆ ಎದುರಾಗಿ ನಿಂತು, ಕುರ್ಚಿಯ ಎರಡೂ ತೋಳು ಹಿಡಿದು ಹಿಂದಕ್ಕೆ ನಡೆದರೆ, ಕುರ್ಚಿ ಮುಂದಕ್ಕೆ ಬರುತ್ತಿತ್ತು. ದಾರಿ ಕಾಣಲೆಂದು ಮಾಬೂಬಿ ತಮ್ಮ ಹಳೆಯ ಕನ್ನಡಿಯನ್ನು ನನ್ನ ತಲೆಯ ಮೇಲೆ ಬರುವ ಹಾಗೆ ಕುರ್ಚಿಯ ಬೆನ್ನಿಗೆ ಕಟ್ಟಿದರು. ಒಳ್ಳೆಯ ಕನ್ನಡಿ. ಆದರೆ ಅದರ ಮುಕ್ಕಾಲು ಭಾಗ ನಮ್ಮ ಮನೆಯವರ ಮುಖವೇ ತುಂಬಿಕೊಳ್ಳುತ್ತಿತ್ತು. ದಾರಿ ಅವರ ಎರಡೂ ಕಿವಿಗಳ ಪಕ್ಕ ಎರಡು ಚೂರು ಮಾತ್ರ.

ಮುಚ್ಚಿಟ್ಟರೆ ಮರಳುವೇತನವೂ ಬರುವುದಿಲ್ಲವೆಂದು, ಮರುದಿನ ಬೆಳಿಗ್ಗೆ ಅವರು ಖಾಕಿ ಅಂಗಿ ಹಾಕಿಕೊಂಡರು, ಆಸರೆ ಕಚೇರಿಗೆ ಹೊರಟೆವು. ಇಪ್ಪತ್ತಮೂರು ವರ್ಷಗಳಲ್ಲಿ ಬೀದಿಯಲ್ಲಿ ನಾನು ಅವರ ಮುಖ ನೋಡಿದ್ದೇ ಇಲ್ಲ ಎಂದು ನನಗೆ ಹೊಳೆದದ್ದು ಆಗ. ಮನೆಯಲ್ಲಿ ನೋಡುವ ಮುಖವಲ್ಲ ಅದು. ಬೀದಿಯಲ್ಲಿ ಅವರು ತುಟಿ ಅಲುಗಿಸುತ್ತಾರೆ. ಅಂಗಡಿ ಅಂಗಡಿಗೂ ಏನೋ ಗೊಣಗುತ್ತಾರೆ. ಪರಿಚಯದವರು ಕಂಡರೆ ಹುಬ್ಬು ಹಾರಿಸುತ್ತಾರೆ.

"ಎಮ್ಮಿ ಬಂತ್ರಿ. ಎಡಕ್ಕ ಸರೀರಿ."

"ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

"ನನ್ನ ಎಡಕ್ಕ."

"ಕನ್ನಡಿಯಾಗಿನ ಎಡಕ್ಕೋ?"

ಅಷ್ಟರಲ್ಲಿ ಎಮ್ಮೆಯೇ ಸರಿಯಿತು. ಹತ್ತು ಹೆಜ್ಜೆಗೊಮ್ಮೆ ಈ ಎಡಬಲದ ವಾದ ಎದ್ದು, ಅರ್ಧ ಗಂಟೆಯ ದಾರಿ ಒಂದೂವರೆ ಗಂಟೆಯಾಯಿತು. ನಾನು ಹೇಳುತ್ತಲೇ ಇದ್ದೆ, ಅವರು ನನ್ನ ತಲೆಯ ಮೇಲಿನ ಕನ್ನಡಿಯನ್ನು ನೋಡುತ್ತ "ಹಾಂ" ಎನ್ನುತ್ತಲೇ ಇದ್ದರು.

ಆಸರೆ ಕಚೇರಿಯಲ್ಲಿ ನಮ್ಮ ಕಡತ ನೋಡುವವರು ದಾಕ್ಷಾಯಣಿ ಮೇಡಂ. ಮೂವತ್ತು ವಯಸ್ಸಿರಬಹುದು. ಹಸಿರು ಶಾಯಿಯ ಪೆನ್ನು, ತೊಡೆಯ ಮೇಲೆ ದಪ್ಪ ನಿಯಮದ ಪುಸ್ತಕ. ಕೆಟ್ಟವರಲ್ಲ. ಪುಸ್ತಕದಲ್ಲಿ ಇದ್ದರೆ ಪ್ರಾಣ ಬೇಕಾದರೂ ಕೊಡುವವರು, ಇಲ್ಲದಿದ್ದರೆ ಒಂದು ಲೋಟ ನೀರನ್ನೂ ಯೋಚಿಸಿ ಕೊಡುವವರು.

"ನಿನ್ನೆ ಮರಳಿದ್ರಿ, ಇವತ್ತ ಬಂದು ಹೇಳಿದ್ರಿ. ಒಳ್ಳೇದಾತು," ಎಂದರು ಮೇಡಂ. "ಕೆಲವರು ಮುಚ್ಚಿಡ್ತಾರ. ಹೋದ ತಿಂಗಳ ಒಬ್ಬರು ಹಿಂದ ಮುಂದ ಮಾಡಿ ಪ್ಯಾಂಟು ಹಾಕ್ಕೊಂಡು ಬಂದಿದ್ರು."

ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರು ನೋಡಿದರು.

ಮರಳುವೇತನಕ್ಕೆ ಅರ್ಜಿ ಬರೆಸಿಕೊಂಡರು. ನನ್ನ ಅಂಗವಿಕಲ ವೇತನದ ಗತಿಯೇನು ಎಂದು ಕೇಳಿದೆ. "ಅದು ಇವರು ಮರಳೂಕಿಂತ ಮೊದಲ ಮಂಜೂರಾಗಿದ್ದು. ಅದಕ್ಕ ಯಾರೂ ಕೈ ಹಚ್ಚೂದಿಲ್ಲ. ಈಗ ಹೊಸದಾಗಿ ಕೇಳಿದ್ದರ ಬ್ಯಾರೆ ಮಾತಿತ್ತು," ಎಂದರು. ಆಮೇಲೆ ಹಸಿರು ಪೆನ್ನಿನ ಮುಚ್ಚಳ ತೆಗೆದು, "ತಳ್ಳುಭತ್ಯೆ ರದ್ದು. ಕುರ್ಚಿ ಒಯ್ಯಾಕ ಶುಕ್ರವಾರ ಗಾಡಿ ಕಳಸ್ತೀನಿ," ಎಂದರು.

"ಕುರ್ಚಿ ಯಾಕ್ರಿ?" ಎಂದರು ನಮ್ಮ ಮನೆಯವರು. "ಇವತ್ತ ನಾನ ತಂದೀನಲ್ಲ ಇಕಿನ್ನ, ಇದ ಕುರ್ಚಿಯಾಗ!"

"ತಳ್ಳುವವರು ಮುಂದಕ್ಕ ನಡೀಬೇಕು ಅಂತ ಐತ್ರಿ."

"ಕುರ್ಚಿ ಮುಂದಕ್ಕ ಹೋಗತೈತಲ್ರಿ ಮೇಡಂ," ಎಂದೆ ನಾನು. "ಅದು ಮುಂದಕ್ಕ ಹೋದರ ಸಾಕಲ್ಲ. ನನ್ನ ಗಂಡ ಯಾ ಕಡೆ ಹೋದ್ರೇನು?"

ಮೇಡಂ ಯೋಚಿಸಿದರು. ಅದು ಅವರಿಗೆ ಇಷ್ಟವಾದ ಬಗೆಯ ಪ್ರಶ್ನೆ ಎಂದು ಕಾಣುತ್ತದೆ. ಎದ್ದು ಅಂಗಳಕ್ಕೆ ಬಂದರು. "ಈ ಬೇವಿನ ಗಿಡದಿಂದ ಆ ಧ್ವಜದ ಕಂಬದ ತನಕ ತೋರಸ್ರಿ. ಯಾವುದಕ್ಕೂ ತಾಗಬಾರದು. ಸುರಕ್ಷಿತ ಅನಿಸಿದರ ಟಿಪ್ಪಣಿ ಬರೀತೀನಿ."

ಗಿಡದಿಂದ ಕಂಬಕ್ಕೆ ನಲವತ್ತು ಹೆಜ್ಜೆ. ನಡುವೆ ಎರಡು ಮೆಟ್ಟಿಲಿನ ಕಟ್ಟೆ, ಅದರಾಚೆ ಕುಡಿಯುವ ನೀರಿನ ಮಣ್ಣಿನ ಗಡಿಗೆಗಳ ಸಾಲು. ಕಿಟಕಿಗಳಲ್ಲಿ ಗುಮಾಸ್ತರು ಸೇರಿದರು. ನಮ್ಮ ಮನೆಯವರು ಅಂಗಿಯ ಮಡಿಕೆ ಸರಿಮಾಡಿಕೊಂಡು, ಕುರ್ಚಿಯ ತೋಳು ಹಿಡಿದು, ಕನ್ನಡಿಗೆ ಕಣ್ಣು ನೆಟ್ಟು ಹೊರಟರು. ಕಟ್ಟೆಯನ್ನು ಬಳಸಿ ದಾಟುವವರೆಗೆ ಚೆನ್ನಾಗಿಯೇ ಹೋದರು. ಜನ ನೋಡುತ್ತಿದ್ದಾರೆಂದು ಗೊತ್ತಾದದ್ದೇ ತಪ್ಪಾಯಿತು, ಬಿರುಸು ಹೆಚ್ಚಿತು.

"ಗಡಿಗಿ ಅದಾವ್ರಿ," ಎಂದೆ.

"ಹಾಂ."

"ರೀ, ಗಡಿಗಿ!"

"ಕಾಣತಾವ, ಕಾಣತಾವ."

ಅವರಿಗೆ ಕಂಡದ್ದು ಅವರ ಬಲಗಿವಿಯ ಪಕ್ಕದ ಗಡಿಗೆ. ಉಳಿದ ಐದು ಅವರ ಮುಖದ ಹಿಂದೆ ಇದ್ದವು. ಮೂರು ಒಡೆದವು. ಜವಾನ ಓಡಿ ಬಂದು ಚೂರುಗಳನ್ನು ತೊಟ್ಟಿಲ ಕೂಸಿನಂತೆ ಎತ್ತಿಕೊಂಡು, ಈ ಗಡಿಗೆಯ ನೀರು ಎಷ್ಟು ತಂಪಿತ್ತು ಎಂದು ಎಲ್ಲರಿಗೂ ಹೇಳತೊಡಗಿದ. ದಾಕ್ಷಾಯಣಿ ಮೇಡಂ ಹಸಿರು ಶಾಯಿಯಲ್ಲಿ ಒಂದೇ ಪದ ಬರೆದರು. ತಲೆಕೆಳಗಾಗಿ ಓದುವುದು ನನ್ನ ಕಸುಬಿನವರಿಗೆ ಕಷ್ಟವಲ್ಲ. 'ಅನರ್ಹ.'

ಮತ್ತೆ ಅದೇ ಮಾಡು. ಹನ್ನೊಂದು ಗಳು, ಒಂದು ಹಲ್ಲಿ.

"ಮೇಡಂ," ಎಂದೆ. "ಅವರಿಗೆ ದಾರಿ ಕಾಣಲಿಲ್ಲ. ನನಗ ಕಂಡಿತ್ತು. ನಾ ಹೇಳಿದ್ದು ಕೇಳಿದ್ದರ ಒಂದು ಗಡಿಗಿನೂ ಒಡೀತಿದ್ದಿಲ್ಲ. ಕಾಲು ಅವರವು, ಕಣ್ಣು ನನ್ನವು. ಎರಡೂ ಕೂಡಿ ಒಬ್ಬ ಮನುಷ್ಯಾ ಆಗಾಂಗಿಲ್ಲೇನು ನಿಮ್ಮ ಪುಸ್ತಕದಾಗ?"

"ಕಣ್ಣು ಅಂದ್ರಿ?" ಎಂದರು ಮೇಡಂ. ಪುಸ್ತಕವನ್ನು ಹಿಂದಿನಿಂದ ಬಿಚ್ಚಿದರು. ಬೆರಳು ಒಂದು ಕಡೆ ನಿಂತಿತು. "ಕಣ್ಣಾಸರೆ. ಮರಳಿದವರಿಗೆ ದಾರಿ ಹೇಳಾಕ ಜೊತಿಗೆ ಒಬ್ಬರನ್ನ ನೇಮಸಬಹುದು. ಅರವತ್ತು ದಾಟಿರಬಾರದು." ನನ್ನನ್ನು ನೋಡಿದರು.

"ಐವತ್ತಮೂರು."

"ಎರಡೂ ಕಣ್ಣು ಚಲೋ ಇರಬೇಕು. ಗಂಟಲು ಗಟ್ಟಿ ಇರಬೇಕು."

"ಅದರಾಗ ಅನುಮಾನ ಇಲ್ರಿ," ಎಂದರು ನಮ್ಮ ಮನೆಯವರು.

"ಆಶ್ರಿತರ ಮನಿಯಾಗ ವಾಸ ಇರಬೇಕು." ಮೇಡಂ ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. "ಕಾಲಿನ ವಿಷಯ ಏನೂ ಇಲ್ಲ. ಯಾರೂ ಬರದಿಲ್ಲ." ಅವರ ಮುಖದಲ್ಲಿ ಮೊದಲ ಸಲ ಒಂದು ಬಗೆಯ ಹಬ್ಬ ಕಂಡಿತು. "ಕಣ್ಣಾಸರೆಗೆ ಕೆಲಸಕ್ಕ ಬೇಕಾದ ಸಲಕರಣಿ ಕಚೇರಿ ಕೊಡಬೇಕು ಅಂತನೂ ಐತಿ. ಕುರ್ಚಿ ನಿಮ್ಮ ಸಲಕರಣಿ ಅಂತ ಬರಕೊಂಡ್ರ ಅದು ನಿಮ್ಮಲ್ಲೇ ಉಳೀತೈತಿ."

ಬೇವಿನ ಗಿಡದ ಹತ್ತಿರ ಮೇಜು ಹಾಕಿಸಿ ಅರ್ಜಿ ತಂದರು. ಮೇಲೆ ಎರಡು ಗೆರೆ. 'ಆಸರೆ ನೀಡುವವರು' ಎಂಬಲ್ಲಿ ಮೇಡಂ ನನ್ನ ಹೆಸರು ಬರೆದರು. 'ಆಶ್ರಿತರು' ಎಂಬಲ್ಲಿ ಫಕ್ಕೀರಪ್ಪ ಎಂದು ಬರೆದು ಸಹಿಗೆ ಅವರ ಮುಂದಿಟ್ಟರು.

ನಮ್ಮ ಮನೆಯವರು ಪೆನ್ನು ಮುಟ್ಟಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟರು. ಜವಾನ ನನ್ನನ್ನು ಅಲ್ಲಿಯವರೆಗೆ ತಳ್ಳಿದ.

"ಇಪ್ಪತ್ತಮೂರು ವರ್ಷ," ಎಂದರು ಅವರು, ನೆಲ ನೋಡುತ್ತ. "ಮಳಿ ಇರಲಿ, ಬಿಸಲಿರಲಿ, ಒಂದು ದಿನ ರಜಾ ತಗೊಂಡವನಲ್ಲ. ಈಗ ನಾ ಆಶ್ರಿತ? ಎಲ್ಲಾರೂ ಏನಂತಾರ? ಫಕ್ಕೀರಪ್ಪನ್ನ ಅವನ ಹೆಂಡ್ತಿ ನೋಡಿಕೊಳ್ತಾಳ ಅಂತಾರ."

ನನಗೆ ಮೊದಲು ಸಿಟ್ಟು ಬಂತು. ಆ ಶಬ್ದ ನನ್ನ ಹೆಸರಿನ ಮುಂದೆ ಇಪ್ಪತ್ತಮೂರು ವರ್ಷ ಕೂತಿತ್ತು, ಯಾರೂ ಗಿಡದ ಕೆಳಗೆ ಕೂತು ಅತ್ತಿರಲಿಲ್ಲ. ಹಾಗೆ ಹೇಳಬೇಕೆಂದು ಬಾಯಿ ತೆರೆದೆ. ಖಾಕಿ ಅಂಗಿಯ ಬೆನ್ನು ಗಡಿಗೆಯ ನೀರಿನಲ್ಲಿ ಪೂರ್ತಿ ತೊಯ್ದಿತ್ತು.

"ನನಗ ಮೊದಲ ಸಲ ಈ ಕಾಗದ ಕೊಟ್ಟಾಗ ನಾನೂ ಸಹಿ ಮಾಡಲಿಲ್ಲ," ಎಂದೆ. "ಪೆನ್ನು ಒಗದಿದ್ದೆ. ನೆನಪೈತೇನು?"

"ಐತಿ. ನನ್ನ ಹಣಿಗೆ ಬಡದಿತ್ತು."

"ಆಗ ನೀವೇನಂದ್ರಿ?"

ಹಣೆ ಸವರಿಕೊಂಡರು. "ಕಾಗದ ಕಾಗದದಷ್ಟ ಇರತೈತಿ, ಸಹಿ ಮಾಡು, ಹಸಿವಾಗೇತಿ ಅಂದೆ."

"ನನಗೂ ಹಸಿವಾಗೇತ್ರಿ," ಎಂದೆ.

ಅವರು ಎದ್ದು, ಬೆನ್ನು ತಿರುಗಿಸಿ, ಮೇಜಿನವರೆಗೆ ಹಿಂದಕ್ಕೆ ನಡೆದುಹೋಗಿ ಸಹಿ ಮಾಡಿದರು.

ಆದರೆ ಪರೀಕ್ಷೆ ಇನ್ನೊಮ್ಮೆ ಆಗಬೇಕಿತ್ತು, ಕಣ್ಣಾಸರೆಯ ಪರೀಕ್ಷೆ. ಅದೇ ಗಿಡ, ಅದೇ ಕಂಬ, ಉಳಿದ ಮೂರು ಗಡಿಗೆ. ಜವಾನ ಆ ಮೂರರ ಮುಂದೆ ಕೈ ಅಗಲಿಸಿ ನಿಂತ. ನಮ್ಮ ಮನೆಯವರು ಕುರ್ಚಿಯ ಬೆನ್ನಿನ ಗಂಟು ಬಿಚ್ಚಿ ಕನ್ನಡಿಯನ್ನು ತೆಗೆದು ಮೇಡಂ ಕೈಗೆ ಕೊಟ್ಟರು. ತಲೆಯ ಮೇಲೆ ಏನೂ ಇಲ್ಲದ್ದರಿಂದ ಅವರ ಕಣ್ಣುಗಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ನನ್ನ ಮುಖದ ಮೇಲೆ ಬಂದು ನಿಂತವು.

"ಇದ್ಯಾವಾಗ ಬಂತು?" ಎಂದರು.

"ಏನು?"

"ಗಲ್ಲದ ಮ್ಯಾಲ. ಮಚ್ಚಿ."

"ಹುಟ್ಟಿದಾಗಿಂದ ಐತಿ."

"ನಾ ಇಷ್ಟು ವರ್ಷ ಹೊರಗ ಹೋದಾಗ ನಿನ್ನ ತುರುಬು ನೋಡೇನಿ," ಎಂದರು. "ತುರುಬಿನಾಗ ಎಷ್ಟು ಕೂದಲು ಬೆಳ್ಳಗ ಆಗ್ಯಾವ ಕೇಳು, ಹೇಳ್ತೀನಿ. ಮುಖಾ ಮರತಿತ್ತು." ಆಮೇಲೆ ಏನೋ ಹೊಳೆದವರಂತೆ, "ತಡಿ. ಎಡಾ ಬಲಾ ಅನಬ್ಯಾಡ. ಮೂಗುತಿ ಒಂದು ಕಡೆ ಐತಿ, ಮಚ್ಚಿ ಇನ್ನೊಂದು ಕಡೆ ಐತಿ. ಹಂಗ ಹೇಳು," ಎಂದರು.

ಹೊರಟೆವು. "ಮೂಗುತಿ," ಎಂದೆ, ಮೂಗುತಿಯ ಕಡೆಗೆ ಸರಿದರು. "ಕಟ್ಟಿ ಬಂತು, ಸಾವಕಾಶ. ಮಚ್ಚಿ. ಇನ್ನೊಂಚೂರು ಮಚ್ಚಿ." ಒಮ್ಮೆಯೂ ಹಾಂ ಎನ್ನಲಿಲ್ಲ. ನಾನು ಹೇಳಿ ಮುಗಿಸುವ ಮೊದಲೇ ಅವರ ಕಾಲು ಸರಿದಿರುತ್ತಿತ್ತು, ನನ್ನ ಕಣ್ಣು ಯಾವ ಕಡೆ ಹೊರಳುತ್ತದೆಂದು ನೋಡಿಯೇ ತಿಳಿಯುತ್ತಿದ್ದರೇನೋ. ಗಡಿಗೆಗಳ ಪಕ್ಕದಲ್ಲಿ ಒಂದು ಗೇಣು ಬಿಟ್ಟು ಹಾದುಹೋದೆವು. ಜವಾನ ಕಣ್ಣು ಮುಚ್ಚಿಕೊಂಡಿದ್ದ. ಕಂಬಕ್ಕೆ ಒಂದು ಹೆಜ್ಜೆ ಇದ್ದಾಗ "ನಿಲ್ರಿ" ಎಂದೆ, ನಿಂತರು. ಕಿಟಕಿಗಳಲ್ಲಿದ್ದ ಗುಮಾಸ್ತರು ಚಪ್ಪಾಳೆ ತಟ್ಟಿದರು. ಅದಕ್ಕೆ ನಿಯಮವಿದೆಯೋ ಇಲ್ಲವೋ ಎಂದು ಮೇಡಂ ಒಂದು ಕ್ಷಣ ಯೋಚಿಸಿ ತಾವೂ ತಟ್ಟಿದರು.

ಪ್ರತಿ ತಿಂಗಳೂ ತುಂಬಿ ಕೊಡಬೇಕೆಂದು ನನಗೊಂದು ವರದಿ ಪುಸ್ತಕ ಕೊಟ್ಟರು. ಆಶ್ರಿತರ ಆರೋಗ್ಯ, ಆಶ್ರಿತರಿಗೆ ಮಾಡಿದ ಸೇವೆ, ಆಶ್ರಿತರಿಗೆ ಆದ ಅಪಾಯ. ಅಪಾಯದ ಅಂಕಣದಲ್ಲಿ ಮೂರು ಸಲ ಏನಾದರೂ ಬಿದ್ದರೆ ಕಣ್ಣಾಸರೆ ರದ್ದು, ಕುರ್ಚಿಯೂ ವಾಪಸು ಎಂದು ಮೇಡಂ ಎಚ್ಚರಿಸಿದರು.

ಕಚೇರಿಯ ಗೇಟಿನಿಂದ ಹೊರಬಂದರೆ ದಾರಿ ಎರಡಾಗುತ್ತದೆ. ಮಚ್ಚೆಯ ಕಡೆಗೆ ನಮ್ಮ ಮನೆ, ಮೂಗುತಿಯ ಕಡೆಗೆ ಹೊಳೆ. ಹೊಳೆಯ ದಾರಿ ಇಳಿಜಾರು, ಕುರ್ಚಿಗೆ ಒಳ್ಳೆಯದಲ್ಲ ಎಂದು ಅವರು ನನ್ನನ್ನು ಎಂದೂ ಅತ್ತ ಒಯ್ದಿರಲಿಲ್ಲ. ನಾನು ಹೊಳೆ ನೋಡಿ ಇಪ್ಪತ್ತಮೂರು ವರ್ಷವಾಗಿತ್ತು.

"ಮೂಗುತಿ," ಎಂದೆ.

"ಮನಿ ಮಚ್ಚಿ ಕಡೆ ಅಲ್ಲೇನು?"

"ಕಣ್ಣು ಯಾರವು?"

ತುಟಿ ಅಲುಗಿಸಿದರು, ಗೊಣಗಿದರು, ಮೂಗುತಿಯ ಕಡೆಗೆ ತಿರುಗಿದರು. ಇಳಿಜಾರಿನಲ್ಲಿ ಕುರ್ಚಿ ಅವರ ಮೇಲೆ ಬರುತ್ತಿತ್ತು, ಅವರು ಎದೆ ಕೊಟ್ಟು ತಡೆಯುತ್ತ ಒಂದೊಂದೇ ಹೆಜ್ಜೆ ಇಳಿದರು. ಮುಳ್ಳು, ಕಲ್ಲು, ಒಣಹಾಕಿದ ಸೀರೆ, ಮಲಗಿದ ನಾಯಿ, ಎಲ್ಲವನ್ನೂ ಹೇಳುತ್ತ ಹೋದೆ. ಕಡೆಯ ತಿರುವು ದಾಟಿದ ಕೂಡಲೇ ಹೊಳೆ ಒಮ್ಮೆಲೇ ಕಣ್ಣ ಮುಂದೆ ಬಂತು. ಬಿಸಿಲು ನೀರಿನ ಮೇಲೆಲ್ಲ ಚೆಲ್ಲಿತ್ತು. ಆಚೆ ದಡದಲ್ಲಿ ಯಾರೋ ಹೊಸದಾಗಿ ಹಳದಿ ಬಣ್ಣದ ಮನೆ ಕಟ್ಟಿಕೊಂಡಿದ್ದರು. ಬೆಳ್ಳಕ್ಕಿಗಳು ಕಲ್ಲಿಗೊಂದರಂತೆ ನಿಂತಿದ್ದವು. ನಾನು ಎಣಿಸಲು ಶುರುಮಾಡಿದೆ. ಹದಿನಾಲ್ಕು, ಹದಿನೈದು...

"ಬಸವ್ವಾ," ಎಂದರು ಅವರು. "ಕಾಲಿಗೆ ತಣ್ಣಗ ಏನೋ ಹತ್ತಾಕತ್ತೈತಿ."

ಮೊಣಕಾಲಿನ ತನಕ ಹೊಳೆಯಲ್ಲಿದ್ದರು. "ನಿಲ್ರಿ!" ಎಂದು ಕೂಗಿದೆ. ಗಾಬರಿಯಿಂದ ಇನ್ನೊಂದು ಹೆಜ್ಜೆ ಇಟ್ಟರು. ಪಾಚಿಗಲ್ಲು ಜಾರಿತು, ಧೊಪ್ಪೆಂದು ಕೂತರು. ನೀರು ಕುತ್ತಿಗೆಯವರೆಗೆ ಬಂತು. ಅಷ್ಟಾದರೂ ಅವರು ಕುರ್ಚಿಯ ತೋಳುಗಳನ್ನು ಬಿಟ್ಟಿರಲಿಲ್ಲ; ಮುಂದಿನ ಗಾಲಿಗಳು ನೀರಿನಲ್ಲಿ, ನಾನು ದಡದಲ್ಲಿ, ನಮ್ಮ ಮೂಗಿಗೂ ಮೂಗಿಗೂ ಒಂದು ಮೊಳ ದೂರ.

"ಹೇಳಬಾರದೇನ?" ಎಂದರು.

"ಮರತೆ."

"ಮೊದಲನೇ ದಿನಾನ ಮರತ್ಯಾ?"

"ಬೆಳ್ಳಕ್ಕಿ ಎಣಸಾಕತ್ತಿದ್ದೆ."

ಅವರು ನೀರಿನಲ್ಲಿ ಕೂತಲ್ಲೇ ಕತ್ತು ಹೊರಳಿಸಿ ಬೆಳ್ಳಕ್ಕಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮೀಸೆಯಿಂದ ನೀರ ಹನಿಗಳು ಬೀಳುತ್ತಿದ್ದವು. ಆಮೇಲೆ ನನ್ನ ತೊಡೆಯ ಮೇಲಿದ್ದ ವರದಿ ಪುಸ್ತಕದ ಮೇಲೆ ಅವರ ಕಣ್ಣು ಬಿತ್ತು.

"ಇದನ್ನ ಅದರಾಗ ಬರೀತಿ?"

"ಬರೀಲಿಲ್ಲಂದ್ರ ಸುಳ್ಳಾಗತೈತಿ."

"ಯಾವ ಅಂಕಣ?"

"ಅಪಾಯ."

"ಬ್ಯಾಡ ಬ್ಯಾಡ, ಅದರಾಗ ಬರೀಬ್ಯಾಡ," ಎಂದರು ನನ್ನ ಆಶ್ರಿತರು, ಒಂದು ಕೈಯಿಂದ ಮುಖದ ನೀರು ಒರೆಸಿಕೊಳ್ಳುತ್ತ. "ಸೇವೆ ಅಂತ ಐತಲ್ಲ, ಅಲ್ಲಿ ಬರಿ. ಸ್ನಾನ ಮಾಡಿಸಿದೆ ಅಂತ."